ಮಾಳಿಗೆಯ ಮೇಲಿನ ಬೀದಿ

ನಕ್ಷೆಯನ್ನು ಮಡಿಸಬಾರದು, ಸುತ್ತಿಡಬೇಕು. ಸರ್ವೆ ಕಚೇರಿಗೆ ಸೇರಿದ ದಿನ ನನಗೆ ದೊರೆತ ಮೊದಲ ಉಪದೇಶ ಇದು. ಉಪದೇಶಿಸಿದವರು ನಮ್ಮ ಹಿರಿಯ ನಕ್ಷೆಗಾರರಾದ ರಂಗಸಾಮಿಯವರು. ಅವರು ಬೀರುವಿನಿಂದ ಒಂದು ಹಳೆಯ ಹಾಳೆಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಹಿಂದೆ ಯಾರೋ ಅದನ್ನು ನಾಲ್ಕಾಗಿ ಮಡಿಸಿಟ್ಟಿದ್ದರು. ಮಡಿಕೆಗಳು ಕೂಡುವ ಕಡೆ ಕಾಗದ ಸವೆದು ಬೆರಳಗಲದ ತೂತು ಬಿದ್ದಿತ್ತು. ಆ ತೂತಿನಲ್ಲಿ ಬೆರಳಾಡಿಸುತ್ತ ರಂಗಸಾಮಿಯವರು, "ಇಲ್ಲೊಂದು ಹಳ್ಳಿ ಇತ್ತು ಶಾಸ್ತ್ರಿ. ಹಳ್ಳಿ ಈಗ್ಲೂ ಚೆನ್ನಾಗಿದೆ, ಪಾಪ. ಹಾಳೇಲಿ ಮಾತ್ರ ಸತ್ತುಹೋಯ್ತು" ಎಂದರು. ಅವರ ಮನೆಮಾತು ತಮಿಳು. ಕನ್ನಡವನ್ನು ಅಕ್ಕರೆಯಿಂದ, ತುಸು ಎಳೆದು ಆಡುತ್ತಿದ್ದರು.

ಈಗ ಈ ಇಲಾಖೆಗೆ ಸೇರುತ್ತಿರುವ ಯುವಕ ಯುವತಿಯರಿಗೂ, ತಮ್ಮ ಊರಿನ ಚರಿತ್ರೆಯನ್ನು ಹಳೆಯ ನಕ್ಷೆಗಳಿಂದ ತಿಳಿಯಬಯಸುವ ಉತ್ಸಾಹಿಗಳಿಗೂ ನಾಲ್ಕು ಮಾತು ಬರೆಯಿರೆಂದು ಕೆಲವರು ಕೇಳಿದ್ದಾರೆ. ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆನೆಂಬುದರಿಂದ ಯಾರಿಗೂ ಉಪಯೋಗವಿಲ್ಲ. ಆದ್ದರಿಂದ ಒಂದೇ ಊರನ್ನು ಹಿಡಿದು ಬರೆಯುತ್ತೇನೆ. ಆ ಊರು ಭೈರನಗುಟ್ಟ. ನನ್ನ ವೃತ್ತಿಯ ಆರಂಭದಲ್ಲಿ ಅದರ ನಕ್ಷೆಗೆ ನಾನು ಮಸಿ ತುಂಬಿದೆ. ನಿವೃತ್ತನಾಗಿ ತಮಿಳುನಾಡಿನ ಗಡಿಯಂಚಿನ ತಳಿ ಎಂಬ ಊರಿನಲ್ಲಿ ಮನೆ ಮಾಡಿಕೊಂಡು ಪೂಜೆ, ಪಾರಾಯಣಗಳಲ್ಲಿ ದಿನ ಕಳೆಯುತ್ತಿದ್ದಾಗ ಅದೇ ನಕ್ಷೆ ಮತ್ತೆ ನನ್ನನ್ನು ಹುಡುಕಿಕೊಂಡು ಬಂದಿತು.

ನನ್ನ ಹುಟ್ಟೂರು ಗುಮ್ಮಳಾಪುರದ ಕಡೆ. ತಂದೆಯವರು ವೈದಿಕರು, ಅವರ ಬಳಿಯೇ ನನ್ನ ಸಂಸ್ಕೃತಾಭ್ಯಾಸವಾಯಿತು. ಯಜ್ಞವೇದಿಯನ್ನು ಹಗ್ಗ ಹಿಡಿದು ಅಳೆಯುವ ಲೆಕ್ಕವನ್ನು ಅವರು ಅಂಗಳದಲ್ಲಿ ಗೂಟ ನೆಟ್ಟು ಕಲಿಸಿದ್ದರು. ಸರ್ಕಾರ ಹಗ್ಗದ ಬದಲು ಕಬ್ಬಿಣದ ಸರಪಳಿಯನ್ನು ಕೈಗಿತ್ತಿತು. ಸ್ನಾನ ಸಂಧ್ಯಾವಂದನೆ ಮುಗಿಸಿ ಹಣೆಗೆ ವಿಭೂತಿಯಿಟ್ಟುಕೊಂಡು ಕಚೇರಿಗೆ ಹೋಗುತ್ತಿದ್ದುದರಿಂದ ರಂಗಸಾಮಿಯವರು ಮೊದಲ ದಿನವೇ ನನ್ನನ್ನು ಶಾಸ್ತ್ರಿ ಎಂದು ಕರೆದರು. ನನ್ನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿಯಿತು.

ರಂಗಸಾಮಿಯವರಿಗೆ ರೇಖೆ ಎಳೆಯುವುದು ಒಂದು ಪ್ರಾಣಾಯಾಮ. ಉಸಿರು ಬಿಗಿಹಿಡಿದು ಒಂದೇ ಸಲಕ್ಕೆ ಎಳೆಯಬೇಕು. ನಡುವೆ ಉಸಿರಾಡಿದರೆ ಕೈ ಅಲುಗಿ ಒಬ್ಬನ ಹೊಲ ಇನ್ನೊಬ್ಬನಿಗೆ ಸೇರಿಬಿಡುತ್ತದೆ ಎನ್ನುವರು. ಉದ್ದನೆಯ ಗಡಿರೇಖೆ ಎಳೆಯುವಾಗ ಕಚೇರಿಯೆಲ್ಲ ಸ್ತಬ್ಧವಾಗುತ್ತಿತ್ತು. ಚಹಾ ತಂದವನು ಬಾಗಿಲಲ್ಲೇ ನಿಲ್ಲುತ್ತಿದ್ದ. ಕೋಪ ಅವರಿಗೆ ಬರುತ್ತಲೇ ಇರಲಿಲ್ಲ. ಒಮ್ಮೆ ತೋಟವೊಂದರ ಅಳತೆಗೆ ಹೋಗಿದ್ದಾಗ ನಕ್ಷೆಯ ಪ್ರತಿ ತೆಗೆಯುವ ಬಟ್ಟೆಯನ್ನು ನಾನು ಬೇಲಿಯ ಮೇಲೆ ಹರಡಿ ನೀರು ಕುಡಿಯಲು ಹೋದೆ. ಆ ಬಟ್ಟೆಗೆ ಗಂಜಿ ಹಾಕಿ ನುಣುಪು ಮಾಡಿರುತ್ತಾರೆ. ಪಕ್ಕದಲ್ಲಿ ಕಟ್ಟಿದ್ದ ಹಸುವಿಗೆ ಗಂಜಿಯ ವಾಸನೆ ಹತ್ತಿತು. ನಾನು ಮರಳಿ ಬರುವಷ್ಟರಲ್ಲಿ ಅದು ಈಶಾನ್ಯದ ಮೂಲೆಯನ್ನು ಮುಗಿಸಿ ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ರಂಗಸಾಮಿಯವರ ಮುಂದೆ ಹೋಗಿ ನಿಂತಾಗ ಅವರು ಉಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಆ ಮೂಲೆ ತಮಗೂ ಸರಿಯೆನ್ನಿಸಿರಲಿಲ್ಲ, ಗೋಮಾತೆಗೆ ಮೊದಲೇ ತಿಳಿದಿದೆ, ನಾಳೆ ಬಂದು ಇನ್ನೊಮ್ಮೆ ಅಳೆಯೋಣ ಎಂದರು.

ಭೈರನಗುಟ್ಟದ ಅಳತೆಗೆ ನಾವು ಹೋದದ್ದು ಅದರ ಮರುವರ್ಷ. ತಳಿಯಿಂದ ಜೀಪಿನಲ್ಲಿ ಬೆಟ್ಟದ ಬುಡದವರೆಗೆ ಹೋಗಿ ಕಲ್ಲುಮೆಟ್ಟಿಲು ಹತ್ತಬೇಕು. ತುದಿಯಲ್ಲಿ ಭೈರವಸ್ವಾಮಿಯ ಗುಡಿ, ಪಾಳೆಯಗಾರರ ಕಾಲದ ಮೋಟುಗೋಡೆ, ಗುಡಿಯ ಕೆಳಗೆ ಇಳಿಜಾರಿನಲ್ಲಿ ಸಾಲುಸಾಲಾಗಿ ಮನೆಗಳು. ನಾವು ಮೊದಲು ಗುಡಿಗೆ ಹೋಗಿ ಸ್ವಾಮಿಯ ದರ್ಶನ ಮಾಡಿದೆವು. ಅಲ್ಲಿನ ಅರ್ಚಕರು ಒಂದು ಬಿದಿರು ಕೊಳವೆಯಿಂದ ಬಟ್ಟೆಯ ಮೇಲೆ ಬರೆದ ಹಳೆಯ ನಕ್ಷೆಯನ್ನು ತೆಗೆದು ತೋರಿಸಿದರು.

ಹಳೆಯ ನಕ್ಷೆಗಳನ್ನು ಓದಹೊರಟವರು ಇದನ್ನು ಗಮನಿಸಬೇಕು. ಆ ಬಟ್ಟೆಯ ನೆತ್ತಿಯಲ್ಲಿದ್ದುದು ಉತ್ತರವಲ್ಲ, ಪೂರ್ವ. ಬರೆದವನು ಸೂರ್ಯನಿಗೆ ಮುಖಮಾಡಿ ಕುಳಿತಿದ್ದ. ಅವನ ಎದುರಿಗೆ ಬಂದದ್ದು ಮೇಲೆ ಹೋಯಿತು. ಗುಡಿ ನಡುವಿನಲ್ಲಿ ಗೋಪುರಸಹಿತ ನಿಂತಿತ್ತು. ಸುತ್ತಲಿನ ಮರ, ಮನೆ, ಬಾವಿಗಳೆಲ್ಲ ಗುಡಿಗೆ ತಲೆಬಾಗಿದಂತೆ ನಾಲ್ಕು ದಿಕ್ಕಿಗೂ ಮಲಗಿದ್ದವು. ಹೆಸರುಗಳನ್ನೂ ನಾಲ್ಕು ಕಡೆಯಿಂದ ಬರೆದಿದ್ದುದರಿಂದ ಒಂದೆಡೆ ನಿಂತು ಓದುವುದು ಸಾಧ್ಯವಿರಲಿಲ್ಲ. ಬಟ್ಟೆಯನ್ನು ನೆಲದ ಮೇಲೆ ಹಾಸಿ ಅದರ ಸುತ್ತ ನಡೆಯಬೇಕು. ನಡೆದು ಮುಗಿಸಿದಾಗ ನಮಗೆ ತಿಳಿಯದೆಯೇ ಸ್ವಾಮಿಗೆ ಒಂದು ಪ್ರದಕ್ಷಿಣೆಯಾಗಿರುತ್ತಿತ್ತು. ಇಷ್ಟು ವಿನಯವಾಗಿ ಓದಿಸಿಕೊಳ್ಳುವ ನಕ್ಷೆಯನ್ನು ಮುಂದೆ ನಾನು ನೋಡಲಿಲ್ಲ.

ಅದೇ ಮಧ್ಯಾಹ್ನ ಗುಡಿಯ ಕೆಳಗಿನ ಬೀದಿಯಲ್ಲಿ ಸರಪಳಿ ಎಳೆದೆವು. ಮಣ್ಣಿನ ಬೀದಿ, ಒಂದು ಬದಿಗೆ ಮನೆಗಳ ಬಾಗಿಲು, ಇನ್ನೊಂದು ಬದಿಗೆ ಮೊಣಕಾಲೆತ್ತರದ ಗೋಡೆ. ಬೀದಿಯ ನಡುನಡುವೆ ಅಲ್ಲಲ್ಲಿ ಮಡಕೆಗಳನ್ನು ಬೋರಲು ಹಾಕಿದ್ದರು. ಅವು ಏಕಿವೆಯೆಂದು ನಾವು ಕೇಳಲಿಲ್ಲ. ಸರಪಳಿಯ ತುದಿ ಬಂದ ಕಡೆ ನೆಲಕ್ಕೆ ಕಬ್ಬಿಣದ ಕಡ್ಡಿ ಚುಚ್ಚುವುದು ಪದ್ಧತಿ. ರಂಗಸಾಮಿಯವರು ಕಡ್ಡಿ ಊರಿ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟರು. ಕಡ್ಡಿ ಸರಕ್ಕನೆ ಇಳಿದು ಮಾಯವಾಯಿತು. ಮರುಕ್ಷಣ ಭೂಮಿಯೊಳಗಿಂದ ಹೆಣ್ಣುದನಿಯೊಂದು ಎದ್ದಿತು: "ಯಾರ್ಲಾ ಅದು, ನಮ್ ಮಾಳಿಗೆಗೆ ಮೊಳೆ ಹೊಡೆಯೋನು?"

ಭೂದೇವಿಯೇ ನುಡಿದಳೆಂದು ನಾನು ಕೈಮುಗಿದುಬಿಟ್ಟೆ. ಬೀದಿಯ ಕೊನೆಯ ಮೆಟ್ಟಿಲುಗಳನ್ನು ಹತ್ತಿ ಒಬ್ಬ ಹೆಂಗಸು ಬಂದಳು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆ, ಗೌರಮ್ಮ. ಅವಳ ಕೈಯಲ್ಲಿ ನಮ್ಮ ಕಡ್ಡಿ, ಕಡ್ಡಿಯ ತುಂಬ ರಾಗಿಹಿಟ್ಟು. "ಇದು ನಿಮ್ದಾ? ಮುದ್ದೆ ತಿರುವೋಕೆ ನಮ್ಮನೇಲಿ ಕೋಲೈತೆ, ಇದು ಬ್ಯಾಡ" ಎಂದು ರಂಗಸಾಮಿಯವರ ಕೈಗಿತ್ತಳು.

ಆಗ ನಮಗೆ ಊರಿನ ರಚನೆ ಅರ್ಥವಾಯಿತು. ಇಳಿಜಾರು ಅಷ್ಟು ಕಡಿದಾಗಿದ್ದುದರಿಂದ ಕೆಳಸಾಲಿನ ಮನೆಗಳು ಬೆನ್ನನ್ನು ಬಂಡೆಗೆ ಆನಿಸಿ, ಬಾಗಿಲನ್ನು ಕೆಳಬೀದಿಗೆ ತೆರೆದಿದ್ದವು. ಅವುಗಳ ಮಾಳಿಗೆ ಸರಿಯಾಗಿ ಮೇಲುಸಾಲಿನ ಹೊಸ್ತಿಲ ಮಟ್ಟಕ್ಕೆ ಬರುತ್ತಿತ್ತು. ಕಲ್ಲು ಚಪ್ಪಡಿ ಹಾಸಿ, ಮೇಲೆ ನೀರಿಳಿಯದ ಚೌಳು ಮಣ್ಣು ಬಡಿದು ಗಟ್ಟಿಮಾಡಿದ ಆ ಮಾಳಿಗೆಗಳ ಸಾಲೇ ಮೇಲುಸಾಲಿನವರಿಗೆ ಬೀದಿ. ನಮ್ಮ ಕಡ್ಡಿ ಇಳಿದದ್ದು ಎರಡು ಚಪ್ಪಡಿಗಳ ಸಂದಿನಲ್ಲಿ. ಬೋರಲು ಮಡಕೆಗಳು ಕೆಳಮನೆಗಳ ಬೆಳಕಿಂಡಿಯ ಮುಚ್ಚಳಗಳು. ಹೊಗೆ ಹೋಗಲೆಂದೂ ಬೆಳಕು ಬರಲೆಂದೂ ಮಾಳಿಗೆಯಲ್ಲಿ ಬಿಟ್ಟ ಕಂಡಿಗಳವು. ಮೇಲುಸಾಲಿನವರು ಓಡಾಡುವುದು ಕೆಳಗಿನವರ ನೆತ್ತಿಯ ಮೇಲೆ. ಕೆಳಗಿನವರ ಒಗ್ಗರಣೆ ಘಮಘಮಿಸುವುದು ಮೇಲಿನವರ ಬೀದಿಯಲ್ಲಿ.

ಇದಕ್ಕೆ ಊರಿನಲ್ಲಿ ಒಂದು ಕಟ್ಟುಪಾಡಿತ್ತು. ಯುಗಾದಿ ಕಳೆದು ಮೊದಲ ಮಳೆ ಬೀಳುವುದರೊಳಗೆ ಒಂದು ದಿನ ಮೇಲುಸಾಲಿನವರು ಕೆರೆಯಂಚಿನಿಂದ ಚೌಳು ಮಣ್ಣನ್ನು ಹೊತ್ತು ತಂದು ಮಾಳಿಗೆಗೆ ಹರಡಿ ಬಡಿಯಬೇಕು. ಅಂದು ಅವರಿಗೆ ಕೆಳಮನೆಯವರು ಒಬ್ಬಟ್ಟಿನ ಊಟ ಹಾಕಬೇಕು. ತುಳಿಯುವವರು ಮಣ್ಣು ತರುವುದು, ತುಳಿಸಿಕೊಳ್ಳುವವರು ಉಣಬಡಿಸುವುದು. ಅದನ್ನು ಮಣ್ಣಿನ ದಿನ ಎನ್ನುತ್ತಿದ್ದರು. ಧರ್ಮಶಾಸ್ತ್ರವನ್ನು ಬಲ್ಲ ನನ್ನ ತಂದೆಯವರಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸಂತೋಷಪಟ್ಟರು.

ಗೌರಮ್ಮನ ಅತ್ತೆ ಅಂದು ನಮಗೂ ಮುದ್ದೆ ಬಡಿಸಿದರು. ನಾನು ಮಡಿವಂತಿಕೆಯಿಂದ ಮಜ್ಜಿಗೆ ಮಾತ್ರ ಸ್ವೀಕರಿಸಿದೆ. ರಂಗಸಾಮಿಯವರು ಉಣ್ಣುತ್ತ ಉಣ್ಣುತ್ತ ತಲೆಯೆತ್ತಿ ಚಪ್ಪಡಿಯನ್ನೇ ನೋಡುತ್ತಿದ್ದರು. ಒಂದೇ ಜಾಗ, ಎರಡು ವಸ್ತು. ಹಾಳೆಗೆ ಇರುವುದು ಒಂದೇ ಮೈ. ಕೊನೆಗೆ ಅವರು ನಕ್ಷೆಯಲ್ಲಿ ಬೀದಿಯನ್ನು ತುಂಬುಗೆರೆಯಿಂದ ತೋರಿಸಿ, ಅದರ ಒಳಗೆ ಕೆಳಸಾಲಿನ ಮನೆಗಳನ್ನು ತುಂಡುಗೆರೆಯಿಂದ ಗುರುತಿಸಿದರು. ಮೇಲಿನ ಕಚೇರಿಯಿಂದ ಹಾಳೆ ಕೆಂಪು ಮಸಿ ಹಚ್ಚಿಸಿಕೊಂಡು ಹಿಂದಿರುಗಿತು: ಬೀದಿಯ ಅಡಿಯಲ್ಲಿ ಮನೆಗಳಿರಲಾರವು, ತುಂಡುಗೆರೆಗಳನ್ನು ತೆಗೆಯತಕ್ಕದ್ದು. ರಂಗಸಾಮಿಯವರು ವಿವರಣೆ ಬರೆದರು. ಉತ್ತರವೂ ಕೆಂಪು ಮಸಿಯಲ್ಲೇ ಬಂದಿತು. ಎರಡನೆಯ ಸಲ ಬರೆದರು. ಮೂರನೆಯ ಸಲ ಮೇಲಿನ ಕಚೇರಿಯವರೇ ತುಂಡುಗೆರೆಗಳನ್ನು ಕೆರೆದು ಅಚ್ಚಿಗೆ ಕಳುಹಿಸಿದರು. ಬಯಲುಸೀಮೆಯ ಪಟ್ಟಣದಲ್ಲಿ ಕುಳಿತವರಿಗೆ ನೆಲದೊಳಗೆ ಮುದ್ದೆ ಬೇಯುವುದು ಹೇಗೆ ತಾನೆ ನಂಬಿಕೆಯಾದೀತು! ಅವರನ್ನು ನಾನು ದೂರುವುದಿಲ್ಲ.

ಮುಂದೆ ವಿಧಾನಗಳು ಬದಲಾದವು. ಸರಪಳಿ ಹೋಗಿ ಟೇಪು ಬಂದಿತು. ಟೇಪು ಹೋಗಿ ಮುಕ್ಕಾಲಿಯ ಮೇಲೆ ನಿಂತು ಬೆಳಕಿನಿಂದ ದೂರ ಅಳೆಯುವ ಟೋಟಲ್ ಸ್ಟೇಷನ್ ಬಂದಿತು. ನನ್ನ ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಉಸಿರು ಬಿಗಿಹಿಡಿಯುವ ಅಗತ್ಯವೇ ಇರಲಿಲ್ಲ. ಅವರು ಗೆರೆ ಎಳೆಯುತ್ತಲೇ ಹರಟುತ್ತಿದ್ದರು, ಗೆರೆಯೂ ನೆಟ್ಟಗೇ ಬರುತ್ತಿತ್ತು. ರಂಗಸಾಮಿಯವರು ಬದುಕಿದ್ದರೆ ಒಮ್ಮೆ ನಕ್ಕು, ಆಮೇಲೆ ತಾವೂ ಕಲಿಯುತ್ತಿದ್ದರು. ಈಗ ಡ್ರೋನ್ ಹಾರಿಸಿ ಒಂದು ಬೆಟ್ಟವನ್ನು ಒಂದು ಬೆಳಗಿನಲ್ಲಿ ಅಳೆಯುತ್ತಾರೆ. ಅದನ್ನು ಕಂಡು ನನಗೆ ಆಶ್ಚರ್ಯವೂ ಆನಂದವೂ ಆಗಿದೆ. ಒಂದನ್ನು ಮಾತ್ರ ಹೊಸಬರು ನೆನಪಿಡಬೇಕು: ಡ್ರೋನಿಗೂ ಕಣ್ಣು ಮೇಲಿನಿಂದಲೇ.

ನಿವೃತ್ತನಾದ ಮೇಲೆ ನನ್ನನ್ನು ಹುಡುಕಿಕೊಂಡು ಬಂದವನು ಸತೀಶ. ಅವನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಕೆಲಸದವನು, ಮೂಕಂಡಪಲ್ಲಿಯಲ್ಲಿ ವಾಸ. ತಾಯಿಯ ತವರು ಭೈರನಗುಟ್ಟ. ರಜೆಯ ದಿನಗಳಲ್ಲಿ ಗೆಳೆಯರೊಡನೆ ಆ ಊರಿನ ಹಳೆಯ ನಕ್ಷೆಗಳನ್ನೆಲ್ಲ ಕೂಡಿಸಿ ಚರಿತ್ರೆ ಬರೆಯಬೇಕೆಂಬುದು ಅವನ ಹಂಬಲ. ಗುಡಿಯ ಬಟ್ಟೆನಕ್ಷೆಯ ಸುತ್ತ ಅವನನ್ನೂ ಒಂದು ಪ್ರದಕ್ಷಿಣೆ ಹಾಕಿಸಿದೆ. ಅವನು ಕಣ್ಣರಳಿಸಿ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡ. ಒಳ್ಳೆಯ ಹುಡುಗ, ಉತ್ಸಾಹ ಮಾತ್ರ ಕಾಲಿಗಿಂತ ಒಂದು ಹೆಜ್ಜೆ ಮುಂದೆ.

ಆ ಉತ್ಸಾಹದಲ್ಲಿ ಅವನು ನಾವು ಬರೆದ, ಮೇಲಿನ ಕಚೇರಿ ಕೆರೆದ ಅಚ್ಚಿನ ನಕ್ಷೆಯನ್ನು ಬಾಗಿಲಿನಷ್ಟು ದೊಡ್ಡದು ಮಾಡಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ತೂಗುಹಾಕಿದ. ಮೇಲುಬೀದಿಗೆ ಕೇಸರಿ ಬಣ್ಣ ಬಳಿದು ಹಳೆಯ ರಾಜಬೀದಿ ಎಂದು ಬರೆಸಿದ. ಊರಿಗೆ ಹೆಮ್ಮೆಯಾಯಿತು. ಆದರೆ ಅದೇ ಸಮಯದಲ್ಲಿ ಸರ್ಕಾರ ಊರೊಳಗಿನ ಮನೆಗಳಿಗೆ ಪಟ್ಟಾ, ಎಂದರೆ ಮನೆ ನಿಮ್ಮದೆಂಬ ಹಕ್ಕುಪತ್ರ, ಕೊಡುವ ಕೆಲಸ ನಡೆದಿತ್ತು. ಬಂದ ಅಧಿಕಾರಿಯೊಬ್ಬರು ಗೋಡೆಯ ಮೇಲಿನ ರಾಜಬೀದಿಯನ್ನು ನೋಡಿದರು, ಡ್ರೋನ್ ಚಿತ್ರವನ್ನು ನೋಡಿದರು. ಎರಡರಲ್ಲೂ ಬೀದಿಯೇ. ಪಟ್ಟಾ ಕೇಳಿದವರಲ್ಲಿ ಕೆಳಸಾಲಿನವರು ಬೀದಿಯ ಜಾಗಕ್ಕೇ ಅರ್ಜಿ ಹಾಕಿದ್ದಾರೆ, ಬೀದಿ ಪೊರಂಬೋಕು, ಸರ್ಕಾರದ ಸ್ವತ್ತು, ಪಟ್ಟಾ ಕೊಡಲಾಗದು ಎಂದು ಬರೆದು ಹೋದರು.

ಕೆಳಸಾಲಿನ ಬೇರೆಯವರೆಲ್ಲ ಬೇರೆಡೆ ಮನೆ ಕಟ್ಟಿಕೊಂಡು ಹಳೆಯ ಮನೆಗಳಿಗೆ ಬೀಗ ಹಾಕಿದ್ದರು. ಅಲ್ಲೇ ಬದುಕುತ್ತಿದ್ದವಳು ಗೌರಮ್ಮ ಒಬ್ಬಳೇ. ಗಂಡ ತೀರಿಕೊಂಡಿದ್ದ. ಹೂ ಕಟ್ಟಿ ತಳಿಯ ಸಂತೆಗೆ ತರುತ್ತಿದ್ದಳು. ಒಂದು ಬೆಳಿಗ್ಗೆ ಹೂಬುಟ್ಟಿಯೊಡನೆ ನಮ್ಮ ಜಗಲಿಗೆ ಬಂದು ಕುಳಿತಳು. ದೇವರಿಗೆಂದು ಒಂದು ಮೊಳ ಕನಕಾಂಬರ ಕೊಟ್ಟು, ಆಮೇಲೆ ಕೇಳಿದಳು: "ಐನೋರೇ, ನಾನು ಒಲೆ ಹಚ್ಚೋ ಜಾಗ ಬೀದಿ ಅಂತಲ್ಲ. ಬಸ್ಸು ಎಷ್ಟೊತ್ತಿಗೆ ಬತ್ತದೆ ಅಂತ ಕೇಳ್ಕೊಂಡು ಹೋಗಾನ ಅಂತ ಬಂದೆ."

ನಗು ಬಂದಿತು, ಅವಳೂ ನಕ್ಕಳು. ನಕ್ಕು ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮನೆ ಬುಟ್ರೆ ನಂಗೆ ಬ್ಯಾರೆ ಜಾಗ ಗೊತ್ತಿಲ್ಲ" ಎಂದಳು.

ನಾನು ಸತೀಶನನ್ನು ಕರೆಸಿದೆ. ಅವನು ಆ ದೊಡ್ಡ ನಕ್ಷೆಯನ್ನು ಅಧಿಕಾರಿ ಬರೆದುಹೋದ ದಿನವೇ ಕೆಳಗಿಳಿಸಿದ್ದ. ಗೌರಮ್ಮ ತನಗೆ ಅಜ್ಜಿಯ ಓರಗೆಯವಳೆಂದು ಹೇಳಿ ಕಣ್ಣೀರಿಟ್ಟ. ಮರುತನಿಖೆಗೆ ಬಂದಿದ್ದ ಸರ್ವೆಯರ್ ಕಲೈಸೆಲ್ವಿಯನ್ನು ನಾವಿಬ್ಬರೂ ಹೋಗಿ ಕಂಡೆವು. ಕೃಷ್ಣಗಿರಿಯ ಹುಡುಗಿ, ಇಲಾಖೆಗೆ ಹೊಸಬಳು, ತಾಳ್ಮೆಯಿಂದ ಕೇಳಿಸಿಕೊಂಡಳು. ಬಟ್ಟೆನಕ್ಷೆಯಲ್ಲಿ ಕೆಳಸಾಲಿನ ಮನೆಗಳು ಬಾಗಿಲುಸಹಿತ ಕಾಣುತ್ತವೆಂದು ಸತೀಶ ತೋರಿಸಿದ. ಅದರ ಅಂದಕ್ಕೆ ಅವಳು ಮನಸೋತಳು. ಆದರೆ ಅದಕ್ಕೆ ಅಳತೆಯಿಲ್ಲ, ಅದನ್ನು ದಾಖಲೆಯೆಂದು ಮೇಲಿನ ಕಚೇರಿಯವರು ಒಪ್ಪುವುದಿಲ್ಲ ಎಂದು ನಿಜವನ್ನೇ ಹೇಳಿದಳು. ಸ್ಥಳವನ್ನೇ ನೋಡೋಣವೆಂದು ಮಾರನೆಯ ದಿನ ಮೂವರೂ ಬೆಟ್ಟ ಹತ್ತಿದೆವು.

ಕಲೈಸೆಲ್ವಿ ಮೊದಲು ಮೇಲುಬೀದಿಯಲ್ಲಿ ನಿಂತು ಅಳೆದಳು. ಅನಂತರ ಕೆಳಗಿಳಿದು ಗೌರಮ್ಮನ ಅಡುಗೆಮನೆಗೆ ಬಂದಳು. ಒಲೆಯ ಮೇಲೆ ಹುರುಳಿಸಾರು ಕುದಿಯುತ್ತಿತ್ತು. ಸರ್ವೆಯರ್ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಎಳೆಯುವಾಗ ಮೇಲೆ ಯಾರೋ ಧಡಧಡನೆ ನಡೆದುಹೋದರು. ಚಪ್ಪಡಿಯ ಸಂದಿನಿಂದ ಒಂದು ಹಿಡಿ ಮಣ್ಣು ನೇರವಾಗಿ ಪಾತ್ರೆಗೆ ಉದುರಿತು.

"ನೋಡವ್ವ," ಎಂದಳು ಗೌರಮ್ಮ, "ನಿಮ್ ಬೀದಿ ನನ್ ಸಾರಿಗೆ ಬಿತ್ತು."

ಕಲೈಸೆಲ್ವಿ ಟೇಪನ್ನು ಕೈಬಿಟ್ಟು ನಕ್ಕಳು. ನಗು ನಿಂತ ಮೇಲೆ ಚಿಂತೆಯಿಂದ ನನ್ನ ಕಡೆ ತಿರುಗಿ ತನ್ನ ಕಷ್ಟವನ್ನು ಹೇಳಿದಳು. "ಐಯಾ, ನನ್ ಕಣ್ಣಿಗೆ ಇದು ಮನೆ. ಆದ್ರೆ ಮೇಲಿನದು ಎಲ್ರೂ ಓಡಾಡೋ ಬೀದೀನೂ ಹೌದು. ಅದು ಈ ಅಮ್ಮನ ಮಾಳಿಗೆ, ನಾವು ಅದ್ರ ಮೇಲೆ ಹೋಗಿ ಬರ್ತೀವಿ ಅಂತ ಮೇಲ್ಸಾಲಿನೋರೇ ಒಪ್ಬೇಕು. ಅವ್ರು ಬೀದಿ ಅಂದ್ರೆ ನಾನು ಏನ್ ಬರೆದ್ರೂ ನಿಲ್ಲಲ್ಲ."

ಮೇಲುಸಾಲಿನ ಹಿರಿಯ ಚಿನ್ನಪ್ಪ. ಗೌರಮ್ಮನ ಗಂಡನನ್ನು ಅಣ್ಣನೆನ್ನುತ್ತಿದ್ದವನು. ಅವಳನ್ನು ಅತ್ತಿಗೆ ಎಂದು ಕರೆದು ದಿನಕ್ಕೊಮ್ಮೆಯಾದರೂ ರೇಗಿಸದಿದ್ದರೆ ಅವನಿಗೆ ಉಂಡದ್ದು ಜೀರ್ಣವಾಗದು. ಆದರೆ ಈ ವಿಷಯದಲ್ಲಿ ಅವನ ಮನಸ್ಸು ಎರಡಾಗಿತ್ತು. ಅವನು ಬೆಳೆದ ಬೀನ್ಸ್, ಕೋಸುಗಳನ್ನು ಮನೆಮಂದಿಯೆಲ್ಲ ತಲೆಯ ಮೇಲೆ ಹೊತ್ತು ಬೆಟ್ಟದ ಬುಡಕ್ಕೆ ಇಳಿಸಬೇಕಿತ್ತು. ಗುಡಿಯ ಹಿಂಬದಿಗೆ ಪಂಚಾಯಿತಿಯವರು ಹೊಸದಾಗಿ ದಾರಿ ಕಡಿಯುತ್ತಿದ್ದರು. ಕೆಳಸಾಲನ್ನು ಕೆಡವಿ ಕಲ್ಲು ತುಂಬಿಸಿ ಗಟ್ಟಿ ರಸ್ತೆ ಮಾಡಿದರೆ ಟೆಂಪೊ ಅವನ ಹೊಸ್ತಿಲಿಗೇ ಬರುತ್ತಿತ್ತು. "ರಾಜಬೀದಿ ಅಂದ್ಮೇಲೆ ರಾಜ ಬರ್ದಿದ್ರೂ ಟೆಂಪೊನಾದ್ರೂ ಬರ್ಬ್ಯಾಡ್ವಾ ಐನೋರೇ?" ಎಂದು ನನ್ನನ್ನೇ ಕೇಳಿದ. ಅವನ ಸೊಂಟ ಬಾಗಿಹೋಗಿತ್ತು. ಆ ಮಾತಿನಲ್ಲೂ ನ್ಯಾಯವಿತ್ತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲು ಅವನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮೇಲುಸಾಲಿನ ಉಳಿದವರು ಅವನ ಬಾಯಿ ನೋಡುತ್ತಿದ್ದರು.

ಅಷ್ಟರಲ್ಲಿ ಯುಗಾದಿ ಕಳೆಯಿತು. ತೆಂಕಣ ದಿಕ್ಕಿನಲ್ಲಿ ಮೋಡ ಕಟ್ಟತೊಡಗಿತು. ಮಣ್ಣಿನ ದಿನ ಹತ್ತಿರವಾದಂತೆ ಊರಿಗೆ ಒಂದು ವಿಷಯ ಹೊಳೆಯಿತು: ಈ ವರ್ಷ ಮಣ್ಣು ಹೊತ್ತು ತಂದರೆ ಅದು ಗೌರಮ್ಮನ ಮಾಳಿಗೆಯೆಂದು ಒಪ್ಪಿದಂತೆ, ತರದಿದ್ದರೆ ಅದು ಬೀದಿ. ಕಾಗದಕ್ಕೆ ಸಹಿ ಹಾಕುವುದನ್ನು ಮುಂದೂಡಬಹುದು, ಮಳೆಯನ್ನು ಮುಂದೂಡಲಾಗದು. ಕಲೈಸೆಲ್ವಿ ಅಂದು ತಾನೂ ಬರುವುದಾಗಿ ಹೇಳಿದಳು.

ನಾನು ಮುಂಜಾನೆಯೇ ಭೈರವಸ್ವಾಮಿಗೆ ಅರ್ಚನೆ ಮಾಡಿಸಿ ಗೌರಮ್ಮನ ಮನೆಗೆ ಹೋದೆ. ಸತೀಶನೂ ಸರ್ವೆಯರೂ ಜಗಲಿಯ ಮೇಲೆ ಕುಳಿತಿದ್ದರು. ಗೌರಮ್ಮ ಒಳಗೆ ಹೂರಣ ರುಬ್ಬುತ್ತಿದ್ದಳು. ಅವರು ಬರುತ್ತಾರೆಂದು ಯಾರಾದರೂ ಹೇಳಿದರೇ ಎಂದು ಕೇಳಿದೆ. ಯಾರೂ ಹೇಳಿಲ್ಲವೆಂದಳು. ಮತ್ತೆ ಇಷ್ಟೊಂದು ಏಕೆ ಮಾಡುತ್ತಿದ್ದೀಯಮ್ಮ ಎಂದಾಗ, "ಅವ್ರ ಕೆಲ್ಸ ಅವ್ರು ಬುಟ್ರೆ ನನ್ ಕೆಲ್ಸ ನಾನು ಬುಡಾಕಾಯ್ತದಾ?" ಎಂದು ಹಂಚಿನ ಮೇಲೆ ಒಬ್ಬಟ್ಟು ಹಾಕಿದಳು. ತುಪ್ಪದ ಹೊಗೆ ಎದ್ದು ಬೆಳಕಿಂಡಿಯ ಕಡೆಗೆ ಹೋಯಿತು. ಬಿಸಿಲೇರಿತು. ಒಬ್ಬಟ್ಟಿನ ರಾಶಿ ಎತ್ತರವಾಗುತ್ತ ಹೋಯಿತು. ಮೇಲೆ ಒಂದು ಹೆಜ್ಜೆಯ ಸಪ್ಪಳವೂ ಇರಲಿಲ್ಲ. ಸತೀಶ ತಲೆತಗ್ಗಿಸಿ ಕುಳಿತಿದ್ದ. ನಾನು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ.

ಬಹಳ ಹೊತ್ತಿನ ಮೇಲೆ ಬೆಳಕಿಂಡಿಯ ಮಡಕೆ ಸರಿಯಿತು. ಬೆಳಕಿನ ಕಂಬವೊಂದು ಒಲೆಯ ಪಕ್ಕಕ್ಕೆ ಇಳಿದು, ಮರುಕ್ಷಣ ಯಾರದೋ ತಲೆ ಅಡ್ಡ ಬಂದು ಕತ್ತಲಾಯಿತು. ಚಿನ್ನಪ್ಪನ ದನಿ ಇಳಿಯಿತು.

"ಅತ್ತಿಗೆ, ಏಲಕ್ಕಿ ಹಾಕಿದ್ದೀಯಾ?"

ಗೌರಮ್ಮ ತಲೆ ಎತ್ತಲಿಲ್ಲ. "ಮಣ್ಣು ತಂದ್ಯೇನ್ಲಾ? ಮೊದ್ಲು ಅದ ಹೇಳು."

"ಕೆರೆತಾವ ಹೋಗಿದ್ವಿ. ಈ ಸೊಂಟದಾಗೆ ಹತ್ತೋದು ತಡವಾಯ್ತು." ಇನ್ನಷ್ಟು ಬಗ್ಗಿ ನೋಡಿ, "ಓದ್ವರ್ಸ ಬೆಲ್ಲ ಕಮ್ಮಿ ಹಾಕಿದ್ದೆ ಕಣತ್ತಿಗೆ. ಹಂಗೇ ಮಾಡಿದ್ರೆ ಮಣ್ಣು ವಾಪಸ್ಸು" ಎಂದ.

ಅವನ ಮಾತು ಮುಗಿಯುವ ಮೊದಲೇ ನಮ್ಮ ನೆತ್ತಿಯ ಮೇಲೆ ಮೊದಲ ಬುಟ್ಟಿಯ ಮಣ್ಣು ದೊಪ್ಪನೆ ಬಿದ್ದಿತು. ಅದರ ಹಿಂದೆ ಮತ್ತೊಂದು, ಇನ್ನೊಂದು. ಮೇಲುಸಾಲಿನ ಗಂಡಸರೂ ಹೆಂಗಸರೂ ಸಾಲಾಗಿ ಬಂದಿದ್ದರು. ಕಲೈಸೆಲ್ವಿ ಮೆಟ್ಟಿಲು ಹತ್ತಿ ಓಡಿದಳು. ಚಿನ್ನಪ್ಪ ಅವಳ ಮುಂದೆ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತ, ಬೇಕಾದ ಕಡೆ ಹೆಬ್ಬೆಟ್ಟು ಒತ್ತಿಸಿಕೊಳ್ಳವ್ವ, ನಾವು ತುಳಿಯೋದು ಅತ್ತಿಗೆ ಮಾಳಿಗೆ, ಇವತ್ತಿಂದಲ್ಲ ಎಂದನು. ಟೆಂಪೊ ಏನಾಯಿತೆಂದು ಸತೀಶ ಮೆಲ್ಲನೆ ಕೇಳಿದ. "ಇವ್ಳ ಮನೆ ಕೆಡವಿ ರಸ್ತೆ ಮಾಡಿದ್ರೆ ಒಬ್ಬಟ್ಟು ನಿಮ್ಮವ್ವ ಮಾಡಿಕ್ತಾಳೇನ್ಲಾ?" ಎಂದು ಚಿನ್ನಪ್ಪ ಅವನ ತಲೆಗೊಂದು ಮೊಟಕಿದ.

ಆ ಮಧ್ಯಾಹ್ನ ಕೆಳಬೀದಿಯಲ್ಲಿ ಎಲೆ ಹಾಕಿ ಎಲ್ಲರೂ ಉಂಡರು. ನಾನೂ ಒಬ್ಬಟ್ಟು ತಿಂದೆ. ಇಷ್ಟು ವರ್ಷಗಳ ನನ್ನ ಮಡಿಯ ನಿಯಮವನ್ನು ಭೈರವಸ್ವಾಮಿ ಅಂದು ತಾನೇ ಸಡಿಲಿಸಿದನೆಂದು ನಂಬಿದ್ದೇನೆ. ಬೆಲ್ಲ ಸರಿಯಾಗಿತ್ತು.

ಕಲೈಸೆಲ್ವಿ ಭೈರನಗುಟ್ಟಕ್ಕೆ ಒಂದರ ಬದಲು ಎರಡು ಹಾಳೆ ಬರೆದಳು. ಕೆಳಗಿನ ಹಾಳೆಯಲ್ಲಿ ಮನೆಗಳು, ಮೇಲಿನದರಲ್ಲಿ ಬೀದಿ. ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಕಾಣುತ್ತವೆ. ಮೇಲಿನ ಕಚೇರಿಯಿಂದ ಈ ಸಲವೂ ಪ್ರಶ್ನೆ ಬಂದಿತು. ಅವಳು ಕಾಗದದಲ್ಲಿ ಉತ್ತರ ಬರೆಯದೆ ಆ ಅಧಿಕಾರಿಯನ್ನೇ ಕರೆತಂದು ಗೌರಮ್ಮನ ಅಡುಗೆಮನೆಯಲ್ಲಿ ಕೂರಿಸಿದಳು. ಯುವಮಿತ್ರರು ಇದನ್ನು ಕಲಿಯಬೇಕು. ನಮ್ಮ ಕಾಲದಲ್ಲಿ ನಮಗೆ ಇದು ಹೊಳೆಯಲಿಲ್ಲ. ಸತೀಶನ ಬಳಗದವರು ಈಗ ಗೋಡೆಗೆ ಹಾಕಿರುವುದು ಅವಳ ಆ ಎರಡು ಹಾಳೆಗಳನ್ನು, ಪಕ್ಕದಲ್ಲಿ ಬಟ್ಟೆನಕ್ಷೆಯ ಚಿತ್ರವನ್ನು. ಹಿಂಬದಿಯ ದಾರಿಯನ್ನು ಚಿನ್ನಪ್ಪನ ಹಿತ್ತಿಲವರೆಗೆ ತರಲು ಪಂಚಾಯಿತಿಯಲ್ಲಿ ಓಡಾಡುತ್ತಿರುವವನೂ ಸತೀಶನೇ.

ಪಟ್ಟಾ ಕೈಗೆ ಬಂದ ದಿನ ಗೌರಮ್ಮ ನನ್ನನ್ನು ಕರೆಸಿದಳು. ಅದು ತಮಿಳಿನಲ್ಲಿತ್ತು, ಓದಿ ಹೇಳಬೇಕೆಂದಳು. ಅವಳ ಜಗಲಿಯಲ್ಲಿ ಕುಳಿತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ: ಮನೆ ಅವಳದು, ಗೋಡೆಗಳು ಅವಳವು, ಮಾಳಿಗೆ ಅವಳದು, ಮಾಳಿಗೆಯ ಮೇಲೆ ಮೇಲುಸಾಲಿನವರಿಗೆ ನಡೆಯುವ ಹಕ್ಕುಂಟು. 'ಮಾಳಿಗೆ ಅವಳದು' ಎಂಬುದನ್ನು ಅವಳು ಮತ್ತೆ ಓದಿಸಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಬೆಳಕಿಂಡಿಯ ಕೆಳಗೆ ನಿಂತು, ಊರಿಗೆಲ್ಲ ಕೇಳುವಂತೆ ಹೇಳಿದಳು: "ಚಿನ್ನಪ್ಪಾ, ಕೇಳಿಸ್ತೇನ್ಲಾ? ಬೀದಿ ನಂದಂತೆ. ನಾಳೆಯಿಂದ ನನ್ನ ಕೇಳಿ ಓಡಾಡು."

ಮೇಲೆ ಬರುತ್ತಿದ್ದ ಚಪ್ಪಲಿಯ ಸದ್ದು ನಿಂತಿತು. ಅನಂತರ ಬರಿಗಾಲಿನ ಹೆಜ್ಜೆಗಳು, ಬಹಳ ಮೆತ್ತಗೆ, ಮಾಳಿಗೆಯ ಈ ಕೊನೆಯಿಂದ ಆ ಕೊನೆಗೆ ನಡೆದುಹೋದವು. ಒಂದು ಚೂರು ಮಣ್ಣೂ ಉದುರಲಿಲ್ಲ.